ಭಾಗವತರ ಜಾಗದಲ್ಲಿ ಡಿಎಂ: ಬೆಂಗಳೂರಿನಲ್ಲಿ ಡಿ ಅಂಡ್ ಡಿ ಆಡಲು ಶುರು ಮಾಡುವ ಬಗೆ

ನಾಲ್ಕೈದು ಜನ, ಮೂರು ಗಂಟೆ ಬಿಡುವು, ಒಂದು ಸೆಟ್ ದಾಳ. ಇಷ್ಟಿದ್ದರೆ ಈ ಭಾನುವಾರವೇ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಡಬಹುದು. ಚಿಕ್ಕದಾಗಿ ಡಿ ಅಂಡ್ ಡಿ ಎನ್ನುವ ಇದು ಮೇಜಿನ ಸುತ್ತ ಕೂತು, ಪಾತ್ರ ಹಿಡಿದು ಕಥೆ ಕಟ್ಟುವ ಆಟ. ಆದರೂ ಈ ಊರಿನಲ್ಲಿ ಆಸೆ ಇಟ್ಟುಕೊಂಡವರು ಬಹಳ, ಆಡಿದವರು ಕಡಿಮೆ. ಯಾಕೆ ಎಂದು ಕೇಳಿದರೆ ಎರಡು ಕಾರಣ ಬರುತ್ತವೆ: ‘ಮುನ್ನೂರು ಪುಟದ ರೂಲ್‌ಬುಕ್ ಓದ್ಬೇಕಂತೆ’, ‘ಅದು ಪಟಪಟ ಇಂಗ್ಲಿಷ್ ಮಾತಾಡೋರ ಆಟ’. ಮೊದಲನೆಯ ಭಯಕ್ಕೆ ಉತ್ತರ ಸುಲಭ, ಮೊದಲ ದಿನಕ್ಕೆ ಬೇಕಾದ ನಿಯಮ ಒಂದು ಪುಟದಲ್ಲಿ ಮುಗಿಯುತ್ತದೆ. ಎರಡನೆಯದಕ್ಕೆ ನನ್ನ ಉತ್ತರ ಇನ್ನೂ ಖಡಾಖಂಡಿತ: ಇದು ಪೂರ್ತಿಯಾಗಿ ಮಾತಿನ ಆಟ. ಜಗಳ ಆಡಲು, ಪುಸಲಾಯಿಸಲು, ಸುಳ್ಳು ಹೇಳಲು, ಹೆದರಿಸಲು ನಿಮಗೆ ಯಾವ ಭಾಷೆ ಸಲೀಸೋ ಆ ಭಾಷೆಯಲ್ಲೇ ಇದನ್ನು ಚೆನ್ನಾಗಿ ಆಡಲು ಬರುತ್ತದೆ. ಮನೆಯಲ್ಲಿ ಕನ್ನಡ ಮಾತಾಡುವವರು ಮೇಜಿನ ಮುಂದೆಯೂ ಕನ್ನಡದಲ್ಲೇ ಆಡಬೇಕು.

ಮೇಜಿನ ಸುತ್ತ ನಡೆಯುವುದೇನು

ತಾಳಮದ್ದಲೆ ನೋಡಿದವರಿಗೆ ಈ ಆಟ ಬೇಗ ಅರ್ಥವಾಗುತ್ತದೆ. ಅಲ್ಲಿ ವೇಷವಿಲ್ಲ, ಕುಣಿತವಿಲ್ಲ. ಅರ್ಥಧಾರಿಗಳು ಕೂತಲ್ಲೇ ಕೃಷ್ಣನಾಗುತ್ತಾರೆ, ಕೌರವನಾಗುತ್ತಾರೆ. ಭಾಗವತರು ಪದ ಹಾಡಿ ಪ್ರಸಂಗವನ್ನು ಮುಂದಕ್ಕೆ ಒಯ್ಯುತ್ತಾರೆ. ನಡುವಿನ ಮಾತನ್ನು ಯಾರೂ ಬರೆದುಕೊಟ್ಟಿರುವುದಿಲ್ಲ, ಎದುರಿಗೆ ಕೂತವರ ಮಾತಿಗೆ ಅಲ್ಲೇ ಉತ್ತರ ಹುಟ್ಟಬೇಕು. ಡಿ ಅಂಡ್ ಡಿಯಲ್ಲಿ ಭಾಗವತರ ಜಾಗದಲ್ಲಿ ಕೂರುವವರು ಡಂಜನ್ ಮಾಸ್ಟರ್, ಚಿಕ್ಕದಾಗಿ ಡಿಎಂ. ಊರು ಹೇಗಿದೆ, ಮಳೆ ಬರುತ್ತಿದೆಯಾ, ಬಾಗಿಲ ಹಿಂದೆ ಯಾರಿದ್ದಾರೆ ಎನ್ನುವುದನ್ನೆಲ್ಲ ಹೇಳುವುದು ಅವರ ಕೆಲಸ. ಉಳಿದವರಿಗೆ ತಲಾ ಒಂದು ಪಾತ್ರ. ಒಂದೇ ದೊಡ್ಡ ವ್ಯತ್ಯಾಸ ಎಂದರೆ ಪ್ರಸಂಗದ ಕೊನೆ ಸಭೆಗೆಲ್ಲ ಗೊತ್ತಿರುತ್ತದೆ, ಇಲ್ಲಿ ಡಿಎಂಗೂ ಗೊತ್ತಿರುವುದಿಲ್ಲ. ಏನಾಗಬಹುದು ಎಂಬ ಅನುಮಾನ ಬಂದ ಕಡೆ ದಾಳ ತೀರ್ಪು ಕೊಡುತ್ತದೆ.

ಈ ಆಟ ಮೊದಲು ಅಚ್ಚಾದದ್ದು 1974ರಲ್ಲಿ, ಅಮೆರಿಕದಲ್ಲಿ. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಇಬ್ಬರೂ ಮೇಜಿನ ಮೇಲೆ ಪುಟ್ಟ ಸೈನಿಕರ ಗೊಂಬೆ ಜೋಡಿಸಿ ಯುದ್ಧದಾಟ ಆಡುತ್ತಿದ್ದವರು. ಒಬ್ಬ ಆಟಗಾರನಿಗೆ ಒಂದು ಇಡೀ ಸೈನ್ಯ ಕೊಡುವ ಬದಲು ಒಬ್ಬನೇ ಒಬ್ಬ ಮನುಷ್ಯನನ್ನು ಕೊಟ್ಟರೆ ಏನಾಗುತ್ತದೆ ಎನ್ನುವಲ್ಲಿಂದ ಇದು ಹುಟ್ಟಿತು. ಒಬ್ಬನೇ ಆದಾಗ ಅವನಿಗೆ ಹೆಸರು ಬೇಕು, ಊರು ಬೇಕು, ಸಾಲ ಬೇಕು, ಹಗೆ ಬೇಕು. ಅಲ್ಲಿಂದ ಕಥೆ ತಾನಾಗಿ ಬರುತ್ತದೆ.

ಆಟ ಕಿವಿಗೆ ಹೇಗೆ ಕೇಳುತ್ತದೆ ಎಂದು ತೋರಿಸಲು ಒಂದು ತುಣುಕು ಕೊಡುತ್ತೇನೆ. ಚೆನ್ನಿ ಕಳ್ಳಹೆಜ್ಜೆಯ ಹುಡುಗಿ, ಕಾಳಿಂಗ ಕತ್ತಿ ಹಿಡಿದವನು. ಇಬ್ಬರೂ ರಾತ್ರಿ ಕಡಲೆಕಾಯಿ ಹೊಲದ ಬದುವಿನಲ್ಲಿದ್ದಾರೆ.

ಡಿಎಂ: ಹೊಲದ ಆ ತುದೀಲಿ ಎರಡು ಬೆಳಕು ಓಡಾಡ್ತಿದೆ. ನೆಲದಿಂದ ಮೊಣಕಾಲಷ್ಟು ಎತ್ತರ. ಏನ್ ಮಾಡ್ತೀರಾ?

ಚೆನ್ನಿ: ನಾನು ಬಗ್ಗಿಕೊಂಡು ಬೇಲಿ ಪಕ್ಕದಲ್ಲೇ ಹತ್ತಿರ ಹೋಗ್ತೀನಿ. ಸದ್ದಾಗಬಾರದು.

ಡಿಎಂ: ಸರಿ, ಸ್ಟೆಲ್ತ್, ಸದ್ದಿಲ್ಲದೆ ನುಸುಳೋದು. ದಾಳ ಹಾಕು, 15 ಬರ್ಬೇಕು.

ಚೆನ್ನಿ: 9 ಬಿತ್ತು… ನುಸುಳೋದ್ರಲ್ಲಿ ನನಗಿರೋ ಐದು ಸೇರಿದ್ರೆ 14. ಅಯ್ಯೋ, ಒಂದರಲ್ಲಿ ಹೋಯ್ತು!

ಡಿಎಂ: ಹತ್ತಿರ ಏನೋ ಹೋದೆ. ಅಷ್ಟರಲ್ಲಿ ಒಣಗಿದ ಬಳ್ಳಿ ಕಾಲಡಿ ಚಟ್ ಅಂತು. ಒಂದು ಬೆಳಕು ನಿಂತುಬಿಡ್ತು. ಈಗ ನಿನ್ನ ಕಡೆಗೇ ತಿರುಗ್ತಾ ಇದೆ. ಕಾಳಿಂಗ, ನೀನು?

ಕಾಳಿಂಗ: ನಾನು ಬದುವಿನ ಮೇಲೆ ಎದ್ದು ನಿಂತು ‘ಯಾವನೋ ಅವ್ನು ನಮ್ಮ ಹೊಲದಲ್ಲಿ!’ ಅಂತ ಕೂಗ್ತೀನಿ. ಅವಳ ಕಡೆ ನೋಡೋದು ಬಿಟ್ಟು ನನ್ನ ಕಡೆ ನೋಡ್ಲಿ.

ಆಟವೆಂದರೆ ಇಷ್ಟೇ. ಡಿಎಂ ಪರಿಸ್ಥಿತಿ ಹೇಳುತ್ತಾರೆ, ಆಟಗಾರರು ತಾವೇನು ಮಾಡುತ್ತೇವೆಂದು ಹೇಳುತ್ತಾರೆ, ಬೇಕಾದರೆ ದಾಳ ಉರುಳುತ್ತದೆ, ಏನಾಯಿತೆಂದು ಡಿಎಂ ಹೇಳುತ್ತಾರೆ. ಚೆನ್ನಿಗೆ ದಾಳ ಕೈಕೊಟ್ಟಿತು, ಆದರೆ ಆಟ ನಿಲ್ಲಲಿಲ್ಲ, ಬಿಸಿ ಏರಿತು. ಕಾಳಿಂಗ ಸ್ನೇಹಿತೆಯನ್ನು ಉಳಿಸಲು ಕೂಗಿದ್ದು ಯಾವ ನಿಯಮದಲ್ಲೂ ಇಲ್ಲ.

ಯಾವ ಪುಸ್ತಕ, ಎಷ್ಟು ಖರ್ಚು

ಪುಸ್ತಕ ಕೊಳ್ಳಬೇಡಿ, ಈಗಲೇ ಬೇಡ. ಹೊರದೇಶದಿಂದ ಬರುವ ಈ ದಪ್ಪ ಪುಸ್ತಕಗಳು ದುಬಾರಿ, ಮೊದಲ ತಿಂಗಳು ಅವುಗಳ ಅಗತ್ಯವೂ ಇಲ್ಲ. ಈಗ ಬಳಕೆಯಲ್ಲಿರುವುದು ಐದನೇ ಆವೃತ್ತಿ. ಅದು 2014ರಲ್ಲಿ ಬಂತು, 2024ರಲ್ಲಿ ಪರಿಷ್ಕೃತವಾಯಿತು. ಪ್ರಕಾಶಕರಾದ ವಿಝರ್ಡ್ಸ್ ಆಫ್ ದ ಕೋಸ್ಟ್ ‘ಬೇಸಿಕ್ ರೂಲ್ಸ್’ ಎಂಬ ಉಚಿತ ನಿಯಮಗಳನ್ನು ಕೊಡುತ್ತಾರೆ. ಜೊತೆಗೆ 2023ರ ಜನವರಿಯಲ್ಲಿ ಐದನೇ ಆವೃತ್ತಿಯ ಮೂಲ ನಿಯಮಗಳಾದ ಎಸ್‌ಆರ್‌ಡಿ 5.1 ಅನ್ನು ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿ ಬಿಡುಗಡೆ ಮಾಡಿದರು. ಮೂಲದ ಹೆಸರು ನಮೂದಿಸಿದರೆ ಅದನ್ನು ಯಾರು ಬೇಕಾದರೂ ನಕಲು ಮಾಡಬಹುದು, ಅನುವಾದಿಸಬಹುದು, ತಿದ್ದಬಹುದು. ಕನ್ನಡದಲ್ಲಿ ಆಡುವವರಿಗೆ ಇದು ದೊಡ್ಡ ಸಂಗತಿ. ನಿಮ್ಮ ಗುಂಪಿಗೆ ಬೇಕಾದ ನಾಲ್ಕು ಪುಟವನ್ನು ಕನ್ನಡಕ್ಕೆ ತಂದು ಹಂಚಿಕೊಳ್ಳಲು ಯಾರ ಅಪ್ಪಣೆಯೂ ಬೇಕಿಲ್ಲ.

ಈ ಬರಹದಲ್ಲಿ ನಾನು ಕೊಡುವ ಅಂಕಿಗಳೆಲ್ಲ 2014ರ ನಿಯಮದವು. 2014ರದ್ದನ್ನೂ 2024ರದ್ದನ್ನೂ ಬೆರೆಸಿದರೆ ಹೊಸಬರಿಗೆ ಗೊಂದಲವಾಗುತ್ತದೆ. ಯಾವುದಾದರೂ ಒಂದನ್ನು ಹಿಡಿದು ಇಡೀ ಗುಂಪು ಅದನ್ನೇ ಓದಿ.

ಏಳು ದಾಳದ ಒಂದು ಸೆಟ್ ಆನ್‌ಲೈನ್‌ನಲ್ಲಿ ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಅದರಲ್ಲಿ 4, 6, 8, 12 ಮತ್ತು 20 ಮುಖದವು ಒಂದೊಂದು, 10 ಮುಖದವು ಎರಡು. 10 ಮುಖದ ಎರಡನೆಯ ದಾಳದ ಮೇಲೆ 00, 10, 20 ಹೀಗೆ 90ರವರೆಗೆ ಬರೆದಿರುತ್ತದೆ, ಎರಡನ್ನೂ ಸೇರಿಸಿ ಹಾಕಿದರೆ 1ರಿಂದ 100ರವರೆಗೆ ಸಂಖ್ಯೆ ಸಿಗುತ್ತದೆ. ದಾಳ ಬರುವವರೆಗೆ ಮೊಬೈಲಿನ ಡೈಸ್ ಆ್ಯಪ್ ಸಾಕು, ಆದರೆ ಕೈಯಲ್ಲಿ ಕುಲುಕಿ ಹಾಕುವ ಸುಖ ಅದರಲ್ಲಿಲ್ಲ. ಪಾತ್ರದ ವಿವರ ಬರೆಯುವ ಕ್ಯಾರೆಕ್ಟರ್ ಶೀಟ್ ಉಚಿತವಾಗಿ ಸಿಗುತ್ತದೆ, ಬೀದಿ ತುದಿಯ ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ಹಾಕಿಸಿ. ನಕ್ಷೆಗೆ ಶಾಲೆಯ ಗ್ರಾಫ್ ಶೀಟ್ ತೆಗೆದುಕೊಂಡು ಒಂದು ಚೌಕಕ್ಕೆ 5 ಅಡಿ ಎಂದು ಲೆಕ್ಕ ಹಿಡಿಯಿರಿ. ಗೊಂಬೆಗಳ ಬದಲು ಚೌಕಾಬಾರದ ಕವಡೆ, ಹುಣಸೆ ಬೀಜ, ಬಳೆಚೂರು ಏನಾದರೂ ನಡೆಯುತ್ತದೆ.

ಜನ, ಜಾಗ, ಹೊತ್ತು

ಡಿಎಂ ಒಬ್ಬರು, ಆಟಗಾರರು ಮೂರು ಅಥವಾ ನಾಲ್ಕು. ಆರು ಜನ ಆದರೆ ಪ್ರತಿಯೊಬ್ಬರ ಸರದಿ ಬರುವ ಹೊತ್ತಿಗೆ ಉಳಿದವರ ಕೈಗೆ ಮೊಬೈಲ್ ಬಂದಿರುತ್ತದೆ. ಹಳೆಯ ಸ್ನೇಹಿತರು, ಅಣ್ಣತಂಗಿಯರು, ಆಫೀಸಿನವರು ಯಾರಾದರೂ ಸರಿ. ಫ್ಯಾಂಟಸಿ ಕಥೆ ಓದಿರಬೇಕು ಎಂಬ ಷರತ್ತಿಲ್ಲ. ಅಜ್ಜಿಯಿಂದ ಕಥೆ ಕೇಳಿ ಬೆಳೆದವರು ಬಹಳ ಬೇಗ ಕುದುರಿಕೊಳ್ಳುತ್ತಾರೆ.

ಗುಂಪು ಒಡೆಯುವುದು ರಾಕ್ಷಸರಿಂದಲ್ಲ, ಟ್ರಾಫಿಕ್ಕಿನಿಂದ. ಒಬ್ಬರು ವೈಟ್‌ಫೀಲ್ಡ್, ಒಬ್ಬರು ಕೆಂಗೇರಿ, ಇನ್ನೊಬ್ಬರು ಯಲಹಂಕ ಎಂದಾದರೆ ಮೂರನೇ ವಾರಕ್ಕೆ ಒಬ್ಬೊಬ್ಬರಾಗಿ ತಪ್ಪಿಸಿಕೊಳ್ಳುತ್ತಾರೆ. ಮೆಟ್ರೊ ನಿಲ್ದಾಣದಿಂದ ನಡೆದು ಹೋಗಬಹುದಾದ ಮನೆಯನ್ನು ಆಟದ ಮನೆ ಮಾಡಿಕೊಳ್ಳಿ, ಭಾನುವಾರ ಬೆಳಗ್ಗೆ ತಿಂಡಿ ಮುಗಿಸಿ 10ಕ್ಕೆ ಕೂತು 1ಕ್ಕೆ ಏಳಿ. ಸಂಜೆ ಆಟವಾದರೆ ಕೊನೆಯ ಮೆಟ್ರೊಗೆ ಸಾಕಷ್ಟು ಮೊದಲೇ ನಿಲ್ಲಿಸಿ. ಎರಡು ವಾರಕ್ಕೊಮ್ಮೆ, ಗೊತ್ತಾದ ಒಂದೇ ದಿನ, ಒಬ್ಬರು ಬರದಿದ್ದರೂ ಆಟ ನಡೆಯುತ್ತದೆ. ಈ ಮೂರು ಒಪ್ಪಂದ ಇಲ್ಲದ ಗುಂಪು ಬಾಳುವುದು ಕಷ್ಟ. ದೂರದವರಿಗಾಗಿ ಆನ್‌ಲೈನ್ ಮೇಜುಗಳಿವೆ: ರೋಲ್20, ಔಲ್‌ಬೇರ್ ರೋಡಿಯೊ. ಆದರೆ ಮೊದಲ ಆಟ ಎದುರುಬದುರು ಕೂತೇ ಆಡಿ. ಮುಖ ನೋಡದೆ ಯಾರ ಮಾತು ಎಲ್ಲಿ ನಿಂತಿತು, ಯಾರಿಗೆ ಮಾತಾಡಲು ಆಸೆ ಇದೆ ಎಂಬುದು ಹೊಸ ಡಿಎಂಗೆ ತಿಳಿಯುವುದಿಲ್ಲ.

ಗುಂಪೇ ಇಲ್ಲದವರು ಕೋರಮಂಗಲ, ಇಂದಿರಾನಗರ, ಎಚ್‌ಎಸ್‌ಆರ್ ಕಡೆಯ ಬೋರ್ಡ್ ಗೇಮ್ ಕೆಫೆಗಳಲ್ಲಿ ವಿಚಾರಿಸಿ. ‘ಹೊಸಬರಿಗೆ ಒನ್‌ಶಾಟ್ ಇದೆಯಾ?’ ಎಂದು ಕೇಳಿ. ಒಂದೇ ಸಲ ಕೂತು ಮುಗಿಸುವ ಕಥೆಗೆ ಒನ್‌ಶಾಟ್ ಎನ್ನುತ್ತಾರೆ. ಗುರುತಿಲ್ಲದವರ ಜೊತೆ ಮೊದಲ ಆಟ ಕೆಫೆಯಂಥ ನಾಲ್ಕು ಜನ ಓಡಾಡುವ ಜಾಗದಲ್ಲೇ ಇರಲಿ. ಅಲ್ಲಿ ಇಂಗ್ಲಿಷೇ ನಡೆಯುತ್ತಿದ್ದರೂ ನಿಮ್ಮ ಪಾತ್ರ ಕನ್ನಡದಲ್ಲಿ ಮಾತಾಡಬಹುದೇ ಎಂದು ಕೇಳಲು ಹಿಂಜರಿಯಬೇಡಿ. ಬೆಂಗಳೂರಿನ ಮೇಜಿನಲ್ಲಿ ಅರ್ಥವಾಗುವವರು ಇನ್ನೊಬ್ಬರು ಇದ್ದೇ ಇರುತ್ತಾರೆ.

ತಿಂಡಿಯ ವಿಷಯ: ಕಾಂಗ್ರೆಸ್ ಕಡಲೆಕಾಯಿಯನ್ನು ಚಮಚದಲ್ಲಿ ತಿನ್ನಿ. ಮಸಾಲೆ ಕೈ ದಾಳಕ್ಕೂ ಶೀಟಿಗೂ ಒಳ್ಳೆಯದಲ್ಲ.

ಪಾತ್ರ ಕಟ್ಟುವುದು

ಶೀಟಿನಲ್ಲಿ ನೂರೆಂಟು ಚೌಕಗಳಿವೆ. ಅವನ್ನು ನೋಡುವ ಮೊದಲು ಎರಡು ವಾಕ್ಯ ಬರೆಯಿರಿ: ಇವನು ಅಥವಾ ಇವಳು ಯಾರು, ಏನು ಬೇಕು. ‘ಕೆರೆಯ ನೀರುಗಂಟಿಯ ಮಗಳು. ಊರಿನ ನೀರು ಕದಿಯುವವರನ್ನು ಹಿಡಿದು ಹಿಡಿದು ಕಳ್ಳರ ಉಪಾಯವೆಲ್ಲ ಕಲಿತಿದ್ದಾಳೆ, ಈಗ ಕಾಣೆಯಾದ ಅಣ್ಣನನ್ನು ಹುಡುಕಬೇಕು.’ ಇಷ್ಟು ಬಂದರೆ ಪಾತ್ರ ಮುಕ್ಕಾಲು ಆಯಿತು. ಎಂಟು ಪುಟ ಪೂರ್ವಕಥೆ ಬೇಡ. ಉಳಿದದ್ದು ಆಟದಲ್ಲಿ ಗೊತ್ತಾಗಲಿ.

ಆಮೇಲೆ ಕ್ಲಾಸ್, ಅಂದರೆ ಕಸುಬು. ಉಚಿತ ನಿಯಮಗಳಲ್ಲಿ ನಾಲ್ಕಿವೆ. ಫೈಟರ್ ಆಯುಧ ಹಿಡಿದು ಮುಂದೆ ನಿಲ್ಲುವವನು. ರೋಗ್ ನುಸುಳುವವಳು, ಬೀಗ ತೆಗೆಯುವವಳು. ಕ್ಲೆರಿಕ್ ದೈವಬಲದಿಂದ ಗಾಯ ಮಾಯಿಸುವವರು. ವಿಝರ್ಡ್ ಓದಿ ಮಂತ್ರ ಕಲಿತವರು. ಮೊದಲ ಆಟಕ್ಕೆ ಫೈಟರ್ ಅಥವಾ ರೋಗ್ ಆಗಿ. ವಿಝರ್ಡ್ ಆಸೆ ಎಲ್ಲರಿಗೂ ಇರುತ್ತದೆ, ಆದರೆ ಮೊದಲ ಹಂತದಲ್ಲಿ, ಅಂದರೆ ಲೆವೆಲ್ 1ರಲ್ಲಿ, ದಿನಕ್ಕೆ ಎರಡೋ ಮೂರೋ ದೊಡ್ಡ ಮಂತ್ರ, ಮೈಯಲ್ಲಿ ಬಲವೂ ಕಡಿಮೆ, ಓದಬೇಕಾದ್ದು ಮಾತ್ರ ಎಲ್ಲರಿಗಿಂತ ಹೆಚ್ಚು. ಎರಡನೇ ಕಥೆಗೆ ಇಟ್ಟುಕೊಳ್ಳಿ.

ಪ್ರತಿ ಪಾತ್ರಕ್ಕೂ ಆರು ಗುಣಗಳ ಅಂಕವಿದೆ: ಬಲ, ಚುರುಕು, ಮೈಗಟ್ಟು, ಬುದ್ಧಿ, ವಿವೇಕ, ವರ್ಚಸ್ಸು. ಶೀಟಿನ ಸ್ಟ್ರೆಂತ್, ಡೆಕ್ಸ್‌ಟೆರಿಟಿ, ಕಾನ್‌ಸ್ಟಿಟ್ಯೂಷನ್, ಇಂಟೆಲಿಜೆನ್ಸ್, ವಿಸ್ಡಮ್, ಕರಿಸ್ಮಾಗಳೇ ಇವು, ಇದೇ ಸಾಲಿನಲ್ಲಿ. 15, 14, 13, 12, 10, 8 ಈ ಆರು ಸಂಖ್ಯೆಯನ್ನು ನಿಮಗೆ ಬೇಕಾದಂತೆ ಹಂಚಿ. ದಾಳ ಹಾಕಿ ಅಂಕ ತೆಗೆಯುವ ಪದ್ಧತಿಯೂ ಇದೆ, ಆದರೆ ಅದೃಷ್ಟ ಕೆಟ್ಟವರು ತಿಂಗಳುಗಟ್ಟಲೆ ಪೆಚ್ಚು ಪಾತ್ರ ಆಡಬೇಕಾಗುತ್ತದೆ, ಹೊಸಬರಿಗೆ ಅದು ಬೇಡ. ಅಂಕದಿಂದ 10 ಕಳೆದು ಅರ್ಧ ಮಾಡಿ, ಭಿನ್ನರಾಶಿ ಬಂದರೆ ಕೆಳಕ್ಕೆ ಇಳಿಸಿ. ಅದು ಮಾಡಿಫೈಯರ್. 16ಕ್ಕೆ +3, 15ಕ್ಕೆ +2, 8ಕ್ಕೆ −1. ಆಟದಲ್ಲಿ ಕೈಗೆ ಬರುವುದು ಈ ಚಿಕ್ಕ ಸಂಖ್ಯೆಯೇ.

8 ಅಂಕ ಎಲ್ಲಿಡುತ್ತೀರಿ ಎಂಬುದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಪಾತ್ರ ನೆನಪಿನಲ್ಲಿ ಉಳಿಯುವುದು ಅದರ ಕೊರತೆಯಿಂದ. ವರ್ಚಸ್ಸಿಗೆ ಆ 8 ಇಟ್ಟ ಕಾಳಿಂಗ ಪಟೇಲರ ಮುಂದೆ ನಿಂತು ಸಂಧಾನ ಮಾಡಲು ಹೊರಟಾಗ ಮೇಜಿನ ಸುತ್ತ ಎಲ್ಲರೂ ಮುಂದಕ್ಕೆ ಬಾಗುತ್ತಾರೆ.

ಒಂದು ಪುಟದ ನಿಯಮ

ಸೋಲುವ ಸಾಧ್ಯತೆ ಇದ್ದು, ಸೋತರೆ ಏನಾದರೂ ಕೆಡುವಂತಿದ್ದರೆ ಮಾತ್ರ ದಾಳ. 20 ಮುಖದ ದಾಳ, ಅಂದರೆ ಡಿ20 ಹಾಕಿ. ಗುಣದ ಮಾಡಿಫೈಯರ್ ಸೇರಿಸಿ. ಪಾತ್ರಕ್ಕೆ ಆ ವಿದ್ಯೆ ಪಳಗಿದ್ದರೆ ಇನ್ನೊಂದು +2 ಸೇರಿಸಿ, ಇದು ಮೊದಲ ನಾಲ್ಕು ಹಂತಗಳಿಗೂ ಅಷ್ಟೇ. ಡಿಎಂ ಹೇಳಿದ ಸಂಖ್ಯೆ ಮುಟ್ಟಿದರೆ ಗೆದ್ದಿರಿ. ಸುಲಭದ ಕೆಲಸಕ್ಕೆ 10, ಮಧ್ಯಮಕ್ಕೆ 15, ಕಷ್ಟಕ್ಕೆ 20. ಹೊಸ ಡಿಎಂಗೆ ಈ ಮೂರು ಸಂಖ್ಯೆ ನೆನಪಿದ್ದರೆ ಸಾಕು.

ಪರಿಸ್ಥಿತಿ ನಿಮ್ಮ ಕಡೆ ಇದ್ದರೆ ಅಡ್ವಾಂಟೇಜ್: ಎರಡು ಡಿ20 ಹಾಕಿ ದೊಡ್ಡದನ್ನು ಇಟ್ಟುಕೊಳ್ಳಿ. ವಿರುದ್ಧವಾಗಿದ್ದರೆ ಡಿಸ್‌ಅಡ್ವಾಂಟೇಜ್: ಚಿಕ್ಕದನ್ನು ಇಟ್ಟುಕೊಳ್ಳಿ. ದಾಳದಲ್ಲಿ 10 ಬೀಳಬೇಕಾದ ಕಡೆ ಗೆಲ್ಲುವ ಸಾಧ್ಯತೆ ನೂರಕ್ಕೆ 55, ಅಡ್ವಾಂಟೇಜ್ ಸಿಕ್ಕರೆ ಅದು ಸುಮಾರು 80ಕ್ಕೆ ಏರುತ್ತದೆ. ಹಾಗಾಗಿ ಆಟಗಾರ ಒಳ್ಳೆಯ ಉಪಾಯ ಹೇಳಿದಾಗ ಡಿಎಂ ಕೊಡಬಹುದಾದ ಅತ್ಯುತ್ತಮ ಬಹುಮಾನ ಇದು.

ಹೊಡೆದಾಟದಲ್ಲಿ ಸರದಿ ಇರುತ್ತದೆ. ಎಲ್ಲರೂ ಡಿ20ಗೆ ಚುರುಕಿನ ಮಾಡಿಫೈಯರ್ ಸೇರಿಸಿ ಹಾಕಿ, ದೊಡ್ಡ ಸಂಖ್ಯೆಯವರಿಂದ ಶುರು. ಸರದಿ ಬಂದಾಗ ಒಂದಿಷ್ಟು ದೂರ ನಡೆಯಬಹುದು, ಮನುಷ್ಯರಿಗೆ 30 ಅಡಿ, ಜೊತೆಗೆ ಒಂದು ಕೆಲಸ ಮಾಡಬಹುದು. ಎಲ್ಲರ ಸರದಿ ಒಂದು ಸುತ್ತು ಮುಗಿದರೆ ಕಥೆಯಲ್ಲಿ 6 ಸೆಕೆಂಡು ಕಳೆದಿದೆ.

ಕಾಳಿಂಗನ ಲೆಕ್ಕ ನೋಡಿ. ಮನುಷ್ಯನಾದ್ದರಿಂದ ಎಲ್ಲ ಗುಣಕ್ಕೂ ಒಂದೊಂದು ಸೇರಿ ಬಲ 16 ಆಗಿದೆ, ಮಾಡಿಫೈಯರ್ +3. ಆಯುಧ ಪಳಗಿದೆ, +2. ಹೊಡೆಯಲು ಒಟ್ಟು +5. ಎದುರಿಗಿರುವುದು ಗಾಬ್ಲಿನ್ ಎಂಬ ಕುಳ್ಳ ಜೀವಿ, ಅದರ ರಕ್ಷಣೆಯ ಸಂಖ್ಯೆ, ಅಂದರೆ ಎಸಿ, 15. ದಾಳದಲ್ಲಿ 10 ಅಥವಾ ಹೆಚ್ಚು ಬಿದ್ದರೆ ಏಟು ತಗಲುತ್ತದೆ. ಉದ್ದ ಕತ್ತಿಗೆ 8 ಮುಖದ ದಾಳ ಹಾಕಿ 3 ಸೇರಿಸಿದರೆ ಪೆಟ್ಟು ಎಷ್ಟೆಂದು ಗೊತ್ತಾಗುತ್ತದೆ. ಗಾಬ್ಲಿನ್‌ಗೆ ಇರುವ ಎಚ್‌ಪಿ, ಅಂದರೆ ಬೀಳುವ ಮೊದಲು ತಾಳಬಲ್ಲ ಪೆಟ್ಟಿನ ಲೆಕ್ಕ, 7. ಅಂದರೆ ತಗಲಿದ ಏಟುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಒಂದೇ ಹೊಡೆತಕ್ಕೆ ಕೆಡವುತ್ತವೆ. ಈಗ ಅದರ ಸರದಿ. ಸರಪಳಿ ಕವಚ, ಗುರಾಣಿ ಎರಡೂ ಇರುವ ಕಾಳಿಂಗನ ಎಸಿ 18. ಗಾಬ್ಲಿನ್‌ಗೆ +4 ಇದೆ, 14 ಬೀಳಬೇಕು. ಎಚ್‌ಪಿ ಸೊನ್ನೆಗೆ ಇಳಿದರೂ ಪಾತ್ರ ಸಾಮಾನ್ಯವಾಗಿ ತಕ್ಷಣ ಸಾಯುವುದಿಲ್ಲ. ಪ್ರತಿ ಸರದಿಗೆ ಬರೀ ಡಿ20 ಹಾಕಬೇಕು, 10 ಅಥವಾ ಮೇಲೆ ಬಿದ್ದರೆ ಉಸಿರಿನ ಕಡೆ ಒಂದು, ಕಡಿಮೆಯಾದರೆ ಸಾವಿನ ಕಡೆ ಒಂದು, ಯಾವುದು ಮೊದಲು ಮೂರಾಗುತ್ತದೋ ಅದು. ಅಷ್ಟರೊಳಗೆ ಗೆಳೆಯರು ಓಡಿ ಬಂದು ಉಳಿಸಬಹುದು. ಇಡೀ ಆಟದಲ್ಲಿ ಇದಕ್ಕಿಂತ ಉಸಿರು ಬಿಗಿಹಿಡಿಯುವ ಗಳಿಗೆ ಇನ್ನೊಂದಿಲ್ಲ.

ಉಳಿದ ನಿಯಮ ಬೇಕಾದಾಗ ನೋಡಿ. ಆಟದ ನಡುವೆ ಒಂದು ನಿಮಿಷದಲ್ಲಿ ಸಿಗದಿದ್ದರೆ ಡಿಎಂ ತೋಚಿದ್ದನ್ನು ತೀರ್ಮಾನಿಸಿ ಮುಂದೆ ಹೋಗಲಿ, ಮನೆಗೆ ಹೋದ ಮೇಲೆ ಹುಡುಕಿಕೊಳ್ಳಲಿ.

ಇದೂ ಹೆಚ್ಚಾಯಿತು ಎನ್ನುವ ಮನೆಗಳಿಗೆ, ಮಕ್ಕಳ ಜೊತೆ ಆಡುವವರಿಗೆ ಇನ್ನೊಂದು ದಾರಿ ಇದೆ. 2010ರಲ್ಲಿ ಬಂದ ಅಪೊಕಲಿಪ್ಸ್ ವರ್ಲ್ಡ್ ಎಂಬ ಆಟದಿಂದ ಒಂದು ದೊಡ್ಡ ಕುಟುಂಬವೇ ಬೆಳೆದಿದೆ, ಅದರ ಮೂಲ ಲೆಕ್ಕಕ್ಕೆ ಲೂಡೋ ದಾಳ ಎರಡು ಸಾಕು. ಎರಡನ್ನೂ ಹಾಕಿ ಕೂಡಿಸಿ. 10 ಅಥವಾ ಮೇಲೆ ಬಂದರೆ ಅಂದುಕೊಂಡದ್ದು ಆಯಿತು. 7ರಿಂದ 9 ಬಂದರೆ ಆಯಿತು, ಆದರೆ ಏನೋ ಒಂದು ತೆರಬೇಕು. 6 ಅಥವಾ ಕಡಿಮೆಯಾದರೆ ತೊಂದರೆ ಶುರು. ಆ ನಡುವಿನ ‘ಆಯಿತು, ಆದರೆ’ ಅನ್ನುವುದೇ ಕಥೆ ಬೆಳೆಸುತ್ತದೆ.

ಮೊದಲೇ ಮಾತಾಡಿಕೊಳ್ಳಿ

ಆಟ ಶುರುವಾಗುವ ಮುಂಚೆ ಅರ್ಧ ಗಂಟೆ ಕೂತು ಮಾತಾಡಿ. ಆಡುವವರು ಇದನ್ನು ಸೆಷನ್ ಝೀರೋ ಎನ್ನುತ್ತಾರೆ. ಕಥೆ ತಮಾಷೆಯದೋ ಭಯದ್ದೋ, ಪಾತ್ರ ಸಾಯಬಹುದೋ, ಯಾವ ವಿಷಯ ಮೇಜಿಗೆ ಬರಲೇಬಾರದು, ಯಾವುದು ಬಂದರೂ ವಿವರಿಸದೆ ಪರದೆಯ ಹಿಂದೆ ಇಡಬೇಕು ಎಂದು ಎಲ್ಲರೂ ಹೇಳಲಿ. ನಮ್ಮ ಕಡೆಯ ಗುಂಪುಗಳಲ್ಲಿ ಒಂದನ್ನು ಬಾಯಿಬಿಟ್ಟೇ ಹೇಳಿಕೊಳ್ಳಬೇಕು: ಜಾತಿ ಹಿಡಿದು, ಧರ್ಮ ಹಿಡಿದು, ಹೆಂಗಸರನ್ನು ಹಿಡಿದು ಆಡುವ ಮಾತು ‘ನನ್ನ ಪಾತ್ರ ಹೇಳಿದ್ದು’ ಎಂಬ ನೆಪದಲ್ಲಿ ಬರಕೂಡದು. ಮೇಜಿನ ನಡುವೆ ಎಕ್ಸ್ ಬರೆದ ಒಂದು ಚೀಟಿ ಇಡಿ. ಯಾರಿಗಾದರೂ ಕಸಿವಿಸಿಯಾದರೆ ಅದನ್ನು ಮುಟ್ಟಲಿ, ಡಿಎಂ ಕಾರಣ ಕೇಳದೆ ಆ ಭಾಗ ಬಿಟ್ಟು ಮುಂದೆ ಹೋಗಲಿ. ಜಾನ್ ಸ್ಟಾವ್ರೊಪೌಲೊಸ್ ರೂಪಿಸಿದ ಈ ಪದ್ಧತಿಯನ್ನು ಎಷ್ಟೋ ದೇಶಗಳ ಮೇಜುಗಳು ಬಳಸುತ್ತವೆ. ಚೀಟಿ ಮುಟ್ಟುವ ಸಂದರ್ಭ ಬರದೇ ಇದ್ದರೂ ಅದು ಅಲ್ಲಿದೆ ಎಂಬುದೇ ಧೈರ್ಯ.

ಮೊದಲ ಕಥೆ: ಕಹಳೆ ಊದದ ಸಂಜೆ

ಅಚ್ಚಾದ ಸಾಹಸಕಥೆಗಳು ಸಿಗುತ್ತವೆ. ಆದರೆ ಹಿಮ ಬೀಳುವ ಕಾಡು, ಹೆಂಡದಂಗಡಿಯ ಮುದುಕ ಎಂದು ಶುರುವಾಗುವ ಕಥೆಯನ್ನು ಹೊಸ ಡಿಎಂ ಕನ್ನಡದಲ್ಲಿ ಹೇಳಲು ಹೋದರೆ ನಾಲಿಗೆ ತೊಡರುತ್ತದೆ. ಕಂಡ ನೆಲದ ಮೇಲೆ ಕಥೆ ಕಟ್ಟಿದರೆ ಮಾತು ತಾನಾಗಿ ಬರುತ್ತದೆ. ಇದನ್ನು ಹಾಗೇ ಎತ್ತಿಕೊಂಡು ಆಡಿ.

ಬಸವನಗುಡಿಯ ಐತಿಹ್ಯ ನಿಮಗೆ ಗೊತ್ತಿರುತ್ತದೆ. ಸುಂಕೇನಹಳ್ಳಿ ಸುತ್ತಿನ ಹೊಲಗಳಿಗೆ ಬಸವ ಬಂದು ಕಡಲೆಕಾಯಿ ತಿಂದುಹೋಗುತ್ತಿತ್ತು, ರೈತರು ಮೊದಲ ಬೆಳೆ ಅರ್ಪಿಸುವ ಹರಕೆ ಹೊತ್ತರು, ಕಾರ್ತಿಕ ಮಾಸದ ಕೊನೆಯ ಸೋಮವಾರದ ಕಡಲೆಕಾಯಿ ಪರಿಷೆ ಅಲ್ಲಿಂದ ಬಂತು. ಪಕ್ಕದಲ್ಲೇ ಕಹಳೆ ಬಂಡೆ. ಅಲ್ಲಿ ಕಾವಲುಗಾರ ಕಹಳೆ ಊದಿ ಊರನ್ನು ಎಚ್ಚರಿಸುತ್ತಿದ್ದ ಎಂಬ ಮಾತಿದೆ. ನಮ್ಮ ಕಥೆ ಇಲ್ಲಿಂದ ಹೊರಡುತ್ತದೆ: ಪರಿಷೆಗೆ ಮೂರು ದಿನ ಇದೆ. ರಾತ್ರಿ ಹೊಲ ಲೂಟಿಯಾಗುತ್ತಿದೆ, ಜನ ಬಸವ ಮುನಿದಿದ್ದಾನೆ ಎನ್ನುತ್ತಿದ್ದಾರೆ, ಕಹಳೆಯ ಸದ್ದು ಕೇಳಿ ಮೂರು ಸಂಜೆಯಾಗಿದೆ.

ಒಂದು ಮಾತು ಇಲ್ಲೇ ಹೇಳಬೇಕು. ಬಸವನಿಗೆ ಎಚ್‌ಪಿ ಬರೆಯಬೇಡಿ. ಜನ ಇವತ್ತೂ ಕೈಮುಗಿಯುವ ದೈವವನ್ನು ಕತ್ತಿಗೆ ಎದುರು ನಿಲ್ಲಿಸಿದರೆ ಯಾರದೋ ಮನಸ್ಸು ನೋಯುತ್ತದೆ, ಕಥೆಯೂ ಸಣ್ಣದಾಗುತ್ತದೆ. ಬಸವ ದೂರದಲ್ಲಿ ಇರಲಿ, ಗುಟ್ಟಾಗಿ ಇರಲಿ.

ಮೊದಲ ಘಟ್ಟ ಊರಿನಲ್ಲಿ. ಮೂರು ಜನರನ್ನು ಇಟ್ಟುಕೊಳ್ಳಿ, ಒಬ್ಬೊಬ್ಬರಿಗೆ ಒಂದೇ ಸಂಗತಿ ಗೊತ್ತು. ಕಡಲೆಕಾಯಿ ಹುರಿಯುವ ಅಜ್ಜಿ ಹೊಲದಲ್ಲಿ ಹೆಜ್ಜೆಗುರುತು ನೋಡಿದ್ದಾಳೆ, ಅದು ಗೊರಸಲ್ಲ, ಮಕ್ಕಳ ಪಾದದಷ್ಟು ಸಣ್ಣದು. ನೀರುಗಂಟಿ ಬಂಡೆಯ ಕಡೆ ಕೊಳ್ಳಿದೆವ್ವದ ಬೆಳಕು ಕಂಡು ಹೆದರಿದ್ದಾನೆ. ತಳವಾರ ಕಾವಲಿನ ಹೊತ್ತಿನಲ್ಲಿ ನಿದ್ದೆ ಹೋಗಿದ್ದನ್ನು ಮುಚ್ಚಿಡುತ್ತಿದ್ದಾನೆ. ಮೂವರಿಗೂ ಬೇರೆ ಬೇರೆ ದನಿ ಕೊಡಿ: ಅಜ್ಜಿ ‘ಬಾ ಮಗಾ, ಕೂತ್ಕೋ, ತಿನ್ಕೊಂಡು ಮಾತಾಡು’ ಎನ್ನಲಿ, ತಳವಾರ ಕೇಳಿದ್ದಕ್ಕೆಲ್ಲ ‘ನಂಗೇನ್ ಗೊತ್ತು ಸ್ವಾಮಿ’ ಎನ್ನಲಿ. ಕಥೆ ಮುಂದುವರಿಯಲು ಬೇಕೇಬೇಕಾದ ಸುಳಿವನ್ನು ಯಾವತ್ತೂ ದಾಳದ ಹಿಂದೆ ಅಡಗಿಸಬೇಡಿ. ಅಜ್ಜಿಯನ್ನು ಮಾತಾಡಿಸಿದರೆ ಹೆಜ್ಜೆಗುರುತು ಸಿಕ್ಕೇ ಸಿಗಬೇಕು. ತಳವಾರನ ಗುಟ್ಟು ಬೇಕಾದರೆ ದಾಳ ಹಾಕಲಿ, ಅದು ಸಿಗದಿದ್ದರೂ ಕಥೆ ನಿಲ್ಲುವುದಿಲ್ಲ.

ಎರಡನೆಯದು ರಾತ್ರಿಯ ಹೊಲ. ಕೊಳ್ಳಿ ಹಿಡಿದ ಎರಡು ಗಾಬ್ಲಿನ್. ಮೊದಲ ಹಂತದ ನಾಲ್ಕು ಪಾತ್ರಗಳಿಗೆ ಎರಡು ಸಾಕು, ಮೂರು ಕಷ್ಟ, ನಾಲ್ಕನ್ನು ಇಳಿಸಿದರೆ ಯಾರಾದರೂ ಸಾಯುವ ಸಾಧ್ಯತೆ ಇದೆ. ಶತ್ರು ಎಷ್ಟು ಬಲಶಾಲಿ ಎಂಬುದಕ್ಕಿಂತ ಎಷ್ಟು ಜನ ಎಂಬುದು ಅಪಾಯ, ಒಬ್ಬೊಬ್ಬರೂ ಒಂದೊಂದು ಸರದಿ ಹೊಡೆಯುತ್ತಾರೆ. ಒಂದು ಬಿದ್ದ ಕೂಡಲೇ ಇನ್ನೊಂದು ಬಂಡೆಯ ಕಡೆ ಓಡಲಿ. ಕೊನೆಯ ಉಸಿರಿನವರೆಗೂ ಕಾದಾಡುವ ಶತ್ರು ಬೇಸರ ಹುಟ್ಟಿಸುತ್ತಾನೆ.

ಮೂರನೆಯದು ಬಂಡೆಯ ಸೀಳು. ಒಳಗೆ ಕಟ್ಟಿಹಾಕಿದ ಕಹಳೆಯವನು, ಮೂರು ಗಾಬ್ಲಿನ್, ಅವುಗಳ ಮರಿಗಳು, ಕಡಲೆಕಾಯಿ ರಾಶಿ. ಸಾವನದುರ್ಗದ ಗವಿಯಲ್ಲಿದ್ದ ಇವನ್ನು ದೊಡ್ಡದೇನೋ ಒಂದು ಓಡಿಸಿದೆ, ಹಸಿವಿನಿಂದ ಇಲ್ಲಿಗೆ ಬಂದಿವೆ. ಈಗ ಡಿಎಂ ಸುಮ್ಮನಾಗಬೇಕು. ಹೊಡೆಯುತ್ತಾರೋ, ಪರಿಷೆಯವರೆಗೆ ಊಟ ಕೊಡುತ್ತೇವೆಂದು ಒಪ್ಪಂದ ಮಾಡಿಕೊಳ್ಳುತ್ತಾರೋ, ಕಹಳೆ ಕಸಿದು ಊದಿ ಊರನ್ನೇ ಕರೆಯುತ್ತಾರೋ, ಅವರ ಇಷ್ಟ. ನೀವು ಯೋಚಿಸಿರದ ನಾಲ್ಕನೆಯ ದಾರಿಯನ್ನು ಅವರು ಹಿಡಿಯುತ್ತಾರೆ. ಆಗ ‘ಇಲ್ಲ, ಆಗಲ್ಲ’ ಎನ್ನುವ ಮೊದಲು ‘ಸರಿ, ಹೇಗೆ ಮಾಡ್ತೀಯಾ?’ ಎಂದು ಕೇಳಿ.

ಡಿಎಂ ಆಗುವವರಿಗೆ

ಮೇಲಿನ ಕಥೆಗೆ ಒಂದು ಹಾಳೆಯ ಟಿಪ್ಪಣಿ ಸಾಕು: ಹೆಸರುಗಳು, ಯಾರಿಗೆ ಏನು ಬೇಕು, ಗಾಬ್ಲಿನ್‌ನ ಅಂಕಿ. ಹೆಚ್ಚು ಬರೆದಷ್ಟೂ ಅದನ್ನೇ ಓದಿ ಹೇಳುವ ಚಪಲ ಹೆಚ್ಚುತ್ತದೆ, ಆಟಗಾರರು ಕೇಳುಗರಾಗಿಬಿಡುತ್ತಾರೆ. ವರ್ಣನೆ ಮೂರು ವಾಕ್ಯಕ್ಕೆ ನಿಲ್ಲಲಿ, ಅದರಲ್ಲಿ ಒಂದು ವಾಸನೆಯದೋ ಸದ್ದಿನದೋ ಆಗಿರಲಿ. ಪ್ರತಿ ಬಾರಿಯೂ ಒಬ್ಬರ ಹೆಸರು ಹಿಡಿದು ‘ನೀನು ಏನ್ ಮಾಡ್ತೀಯಾ?’ ಎಂದು ಮುಗಿಸಿ.

ಸುಮ್ಮನೆ ಕೂತಿರುವವರ ಕಡೆ ವಿಶೇಷ ಗಮನ ಬೇಕು. ಪಾತ್ರದ ದನಿಯಲ್ಲಿ ಮಾತಾಡಲು ನಾಚುವವರಿಗೆ ‘ನಾನು ಅವನಿಗೆ ಸಮಾಧಾನ ಹೇಳ್ತೀನಿ’ ಎಂದು ವರದಿಯ ರೀತಿ ಹೇಳಲು ಬಿಡಿ, ಅದೂ ಪೂರ್ತಿ ಆಟವೇ. ಇಂಥವರು ಎರಡು ಗಂಟೆಯ ನಂತರ ಆಡುವ ಒಂದೇ ಮಾತು ಇಡೀ ಮೇಜನ್ನು ಹಿಡಿದು ನಿಲ್ಲಿಸುವುದುಂಟು. ಜೋರುಬಾಯಿಯವರು ಎಲ್ಲರ ಸರದಿ ತಿನ್ನುತ್ತಿದ್ದರೆ ಬೈಯಬೇಡಿ, ‘ಒಂದ್ನಿಮಿಷ ಇರಪ್ಪ, ಚೆನ್ನಿ ಏನ್ ಮಾಡ್ತಿದಾಳೆ ನೋಡೋಣ’ ಎಂದು ಬೆಳಕು ತಿರುಗಿಸಿ.

ಕನ್ನಡದಲ್ಲಿ ಆಡುವಾಗ ಗ್ರಂಥಭಾಷೆಗೆ ಏರುವ ಅಗತ್ಯವಿಲ್ಲ. ದಾಳ, ಸರದಿ, ಏಟು, ಪೆಟ್ಟು ಕನ್ನಡದಲ್ಲೇ ಇರಲಿ, ಅಡ್ವಾಂಟೇಜ್, ಎಚ್‌ಪಿ ಹಾಗೇ ಇರಲಿ. ರಾಜರ ಆಸ್ಥಾನ ಬಂದಾಗ ಒಬ್ಬರು ‘ಮಹಾಪ್ರಭು’ ಎಂದು ಹಳೆಯ ನಾಟಕದ ಧಾಟಿ ಹಿಡಿದರೆ, ಇನ್ನೊಬ್ಬರು ಮಂಡ್ಯದ ದನಿಯಲ್ಲಿ ಎದುರು ಮಾತಾಡಿದರೆ, ಮತ್ತೊಬ್ಬರು ಧಾರವಾಡದ ‘ಹೌದ್ರೀ’ ಎಂದರೆ ಮೂರು ಪಾತ್ರಗಳು ಮೂರು ಊರಿನಿಂದ ಬಂದು ಕೂತಂತೆ ಕಾಣುತ್ತದೆ. ಗೇಲಿ ಮಾಡಲು ಮಾತ್ರ ಒಂದು ಊರಿನ ಮಾತನ್ನು ಎತ್ತಿಕೊಳ್ಳಬೇಡಿ. ತನ್ನ ತಾಯಿಯ ಊರಿನ ಮಾತನ್ನು ಪ್ರೀತಿಯಿಂದ ಆಡುವವರ ಬಾಯಲ್ಲಿ ಅದು ಬೇರೆಯೇ ಕೇಳಿಸುತ್ತದೆ.

ಮುಗಿದ ಮೇಲೆ ಹತ್ತು ನಿಮಿಷ ಉಳಿಸಿಕೊಂಡು ಪ್ರತಿಯೊಬ್ಬರಿಗೂ ಎರಡು ಪ್ರಶ್ನೆ ಕೇಳಿ: ಯಾವ ಗಳಿಗೆ ಇಷ್ಟವಾಯಿತು, ಮುಂದಿನ ಸಲ ಏನು ಹೆಚ್ಚು ಬೇಕು. ಒಬ್ಬರು ಹೊಡೆದಾಟ ಎನ್ನುತ್ತಾರೆ, ಒಬ್ಬರು ಅಜ್ಜಿಯ ಜೊತೆ ಮಾತು ಎನ್ನುತ್ತಾರೆ. ಸಾವನದುರ್ಗದಲ್ಲಿ ಗಾಬ್ಲಿನ್‌ಗಳನ್ನು ಓಡಿಸಿದ್ದು ಯಾರು ಎಂಬುದನ್ನು ಈ ಉತ್ತರಗಳ ಮೇಲೆ ತೀರ್ಮಾನಿಸಿ. ಎರಡನೇ ಹಂತಕ್ಕೆ ಏರಲು 300 ಅನುಭವದ ಅಂಕ ಬೇಕು ಎಂದು ನಿಯಮ ಹೇಳುತ್ತದೆ. ಆ ಲೆಕ್ಕ ಇಡಲು ಬೇಸರವಾದರೆ ಈ ಕಥೆ ಮುಗಿಸಿದ ಎಲ್ಲರನ್ನೂ ಎರಡನೇ ಹಂತಕ್ಕೆ ಏರಿಸಿ, ಮೈಯಲ್ಲಿ ಎಚ್‌ಪಿ ಹೆಚ್ಚಾಗುವುದರಿಂದ ಡಿಎಂಗೂ ನಿರಾಳ. ಮೂರ್ನಾಲ್ಕು ಕಥೆಯಾದ ಮೇಲೆ ಡಿಎಂ ಜಾಗಕ್ಕೆ ಇನ್ನೊಬ್ಬರನ್ನು ಕೂರಿಸಿ, ಮೊದಲಿನವರು ಪಾತ್ರ ಹಿಡಿಯಲಿ. ಒಬ್ಬರೇ ಹೊತ್ತರೆ ವರ್ಷದೊಳಗೆ ದಣಿಯುತ್ತಾರೆ, ಇಬ್ಬರು ಹಂಚಿಕೊಂಡ ಗುಂಪು ಒಬ್ಬರು ಊರಿಗೆ ಹೋದರೂ ನಡೆಯುತ್ತಿರುತ್ತದೆ.